ಅಜ್ಜನ ಕಾರಿಗೆ ಬೆಲೆ ಕಟ್ಟುವವರು: ಯಾರನ್ನು ಯಾವುದಕ್ಕೆ ಕರೆಸಬೇಕು?

ನಮ್ಮ ಅಜ್ಜನ ಫಿಯೆಟ್ 1967ರದು. ಕೊಡಗಿನ ಸುಂಟಿಕೊಪ್ಪದ ಹತ್ತಿರ ತೋಟದ ಮನೆಯ ಶೆಡ್ಡಿನಲ್ಲಿ ನಿಂತಿದೆ. ಅಜ್ಜ ಹೋದ ಮೇಲೆ ಒಂದೇ ವರ್ಷದಲ್ಲಿ ಅದಕ್ಕೆ ಮೂರು ಬೆಲೆ ಬಂತು. ಇನ್ಶೂರೆನ್ಸಿನವರು 60 ಸಾವಿರ ಅಂದರು. ಪಾಲಿನ ಲೆಕ್ಕಕ್ಕೆ ಕರೆಸಿದ ಮೌಲ್ಯಮಾಪಕರು 2 ಲಕ್ಷ 40 ಸಾವಿರ ಎಂದು ಬರೆದು ಸೀಲು ಒತ್ತಿ ಕೊಟ್ಟರು. ಹಳೇ ಕಾರುಗಳನ್ನು ಚೆನ್ನಾಗಿ ಬಲ್ಲ ಬೆಂಗಳೂರಿನ ಒಬ್ಬರು ಬಂದು, ಸುತ್ತ ನೋಡಿ, "ಸರಿಯಾದ ಗಿರಾಕಿ ಸಿಕ್ಕರೆ ನಾಲ್ಕು ಲಕ್ಷಕ್ಕೆ ಮೋಸ ಇಲ್ಲ" ಅಂದರು.

ಕಾರು ಒಂದೇ. ಶೆಡ್ಡೂ ಒಂದೇ. ಅಪ್ಪ, ಚಿಕ್ಕಪ್ಪ, ಅತ್ತೆ ಮೂವರೂ ಕೂತು ಇದರಲ್ಲಿ ಯಾರ ಮಾತು ನಿಜ ಎಂದು ತಲೆ ಕೆಡಿಸಿಕೊಂಡರು. ನಿಜ ಹೇಳಬೇಕೆಂದರೆ ಯಾರೂ ಸುಳ್ಳು ಹೇಳಿರಲಿಲ್ಲ. ನಾವೇ ಮೂವರಿಗೆ ಮೂರು ಬೇರೆ ಪ್ರಶ್ನೆ ಕೇಳಿದ್ದೆವು. ಅದು ನಮಗೆ ಗೊತ್ತಿರಲಿಲ್ಲ.

ಕೊಡಗಿನಲ್ಲಿ ಹೀಗೆ ಹಳೇ ಕಾರೋ ಜೀಪೋ ಉಳಿಸಿಕೊಂಡ ಮನೆ ಸುಮಾರಿವೆ. ತೋಟದ ಕೆಲಸಕ್ಕೆ ತಂದ ವಿಲ್ಲೀಸ್ ಜೀಪು, ಮದುವೆಗೆ ಕೊಂಡ ಅಂಬಾಸಡರ್, ಡಾಕ್ಟರ್ ಅಜ್ಜನ ಹೆರಾಲ್ಡ್. ಇವಕ್ಕೆ ಬೆಲೆ ಕಟ್ಟಿಸುವ ಸಂದರ್ಭ ಒಂದಲ್ಲ ಒಂದು ದಿನ ಬರುತ್ತದೆ. ಆಗ ಯಾರನ್ನು ಕರೆಸಬೇಕು, ಅವರು ಬರೆದುಕೊಟ್ಟದ್ದನ್ನು ಎಲ್ಲಿವರೆಗೆ ನಂಬಬೇಕು ಎಂಬುದನ್ನು ನಾವು ಕೈ ಸುಟ್ಟುಕೊಂಡು ಕಲಿತೆವು. ನಿಮಗೆ ಅಷ್ಟು ಕಷ್ಟ ಬೇಡ ಎಂದು ಬರೆಯುತ್ತಿದ್ದೇನೆ.

ಮೊದಲು ಯಾಕೆ ಬೇಕು ಅಂತ ನೋಡಿ

ಮಾರುವುದಕ್ಕಾ? ಪಾಲು ಮಾಡುವುದಕ್ಕಾ? ಇನ್ಶೂರೆನ್ಸಿಗಾ? ಇಲ್ಲಾ ಸುಮ್ನೆ ತಿಳಿದುಕೊಳ್ಳಬೇಕಾ? ಒಂದಕ್ಕೆ ಬರೆದ ಕಾಗದ ಇನ್ನೊಂದಕ್ಕೆ ಆಗುವುದಿಲ್ಲ. ಪಾಲಿಗೆ ಬರೆಸಿದ ರಿಪೋರ್ಟ್ ಹಿಡಿದುಕೊಂಡು ಗಿರಾಕಿಯ ಹತ್ತಿರ ಹೋದರೆ ಅವನು ಓದುವುದೂ ಇಲ್ಲ. ಗಿರಾಕಿ ಹೇಳಿದ ಬೆಲೆಯನ್ನು ಇನ್ಶೂರೆನ್ಸಿನವರು ಒಪ್ಪುವುದಿಲ್ಲ.

ಇನ್ನೊಂದು ವಿಷಯವನ್ನೂ ಮೊದಲೇ ಹೇಳಿಬಿಡುತ್ತೇನೆ. ಬೆಲೆ ಕಟ್ಟುವುದು ಬೇರೆ, ಗಾಡಿ ಪರೀಕ್ಷೆ ಮಾಡುವುದು ಬೇರೆ. ಎರಡನ್ನೂ ಒಬ್ಬರೇ ಮಾಡುತ್ತಾರೆ ಎಂದು ನಾವು ಅಂದುಕೊಳ್ಳುತ್ತೇವೆ. ನಮ್ಮ ಮನೆಯಲ್ಲಿ ಆದ ನಷ್ಟವೆಲ್ಲ ಶುರುವಾದದ್ದು ಈ ಒಂದು ತಪ್ಪು ತಿಳಿವಳಿಕೆಯಿಂದ.

ಇನ್ಶೂರೆನ್ಸಿನ ಬೆಲೆ

ಪಾಲಿಸಿಯಲ್ಲಿ ಐಡಿವಿ ಎಂದು ಒಂದು ಮೊತ್ತ ಇರುತ್ತದೆ ಅಲ್ವಾ. ಕಾರು ಪೂರ್ತಿ ಹೋದರೆ ಕೈಗೆ ಬರುವುದು ಅಷ್ಟೇ. ಹೊಸ ಕಾರಿಗೆ ಇದಕ್ಕೊಂದು ಪಟ್ಟಿ ಇದೆ. ಆರು ತಿಂಗಳೊಳಗೆ ಶೇ. 5 ಕಳೆಯುತ್ತಾರೆ, ಒಂದು ವರ್ಷಕ್ಕೆ ಶೇ. 15, ಹೀಗೆ ಏರುತ್ತಾ ಐದನೇ ವರ್ಷಕ್ಕೆ ಶೇ. 50. ಐದು ವರ್ಷ ದಾಟಿದ ಮೇಲೆ ಪಟ್ಟಿಯೇ ಇಲ್ಲ. ಕಂಪನಿ ಮತ್ತು ನೀವು ಮಾತಾಡಿ ಒಪ್ಪಿಕೊಂಡದ್ದೇ ಬೆಲೆ. ಮಾಡೆಲ್ ನಿಂತುಹೋದ ಗಾಡಿಗೂ ಅಷ್ಟೇ.

ಅಂದರೆ 1967ರ ಕಾರಿನ ವಿಷಯದಲ್ಲಿ ಮಾತಾಡುವ ಹಕ್ಕು ನಮಗೂ ಇದೆ. ನಾವು ಮಾತಾಡಲೇ ಇಲ್ಲ. ಅಜ್ಜನ ಕಾಲದಿಂದ ಏಜೆಂಟ್ ಬರೆದುಕೊಂಡು ಬಂದ 60 ಸಾವಿರವನ್ನೇ ಪ್ರತಿ ವರ್ಷ ಮುಂದುವರಿಸಿದೆವು. ಪ್ರೀಮಿಯಂ ಕಮ್ಮಿ ಬರುತ್ತಿತ್ತು, ಖುಷಿಯಾಗಿತ್ತು.

ಇದರ ಏಟು ಎಲ್ಲಿ ಬೀಳುತ್ತದೆ ನೋಡಿ. ರಿಪೇರಿ ಖರ್ಚು ಐಡಿವಿಯ ಶೇ. 75 ದಾಟಿದರೆ ಕಾರು ಪೂರ್ತಿ ನಷ್ಟ ಎಂದು ಲೆಕ್ಕ. 60 ಸಾವಿರಕ್ಕೆ ಶೇ. 75 ಅಂದರೆ 45 ಸಾವಿರ. ಕಕ್ಕಡ ತಿಂಗಳ ಜೋರು ಮಳೆಯಲ್ಲಿ ಒಂದು ಸಿಲ್ವರ್ ಓಕ್ ಕೊಂಬೆ ಮುರಿದು ಟಾಪಿನ ಮೇಲೆ ಬಿದ್ದರೆ ಸಾಕು, ಟಿಂಕರಿಂಗು, ಪೇಂಟು, ಮುಂದಿನ ಗಾಜು ಸೇರಿ ಆ ಮೊತ್ತ ಸಲೀಸಾಗಿ ದಾಟುತ್ತದೆ. ಆಮೇಲೆ ಅಜ್ಜನ ಕಾರು ಕಾಗದದ ಮೇಲೆ ಗುಜರಿ. ಪೂರ್ತಿ ಹೋಗದೆ ಬರೀ ರಿಪೇರಿಯ ಕ್ಲೇಮ್ ಆದರೂ, ಹತ್ತು ವರ್ಷ ದಾಟಿದ ಗಾಡಿಯ ಕಬ್ಬಿಣದ ಪಾರ್ಟಿಗೆ ಅರ್ಧ ದುಡ್ಡು ಮಾತ್ರ ಕೊಡುತ್ತಾರೆ. ರಬ್ಬರಿಗೂ ಟಯರಿಗೂ ಅರ್ಧ. ಗಾಜಿಗೆ ಮಾತ್ರ ಕಳೆಯುವುದಿಲ್ಲ.

ಹಾಗಾದರೆ ವಿಂಟೇಜ್ ಕಾರಿಗೆ ಬೇರೆ ಪಾಲಿಸಿ ಇಲ್ವಾ? ಇದೆ. ಮೊದಲೇ ಒಪ್ಪಿದ ಮೊತ್ತವನ್ನು ಏನೂ ಕಳೆಯದೆ ಕೊಡುವ ಪದ್ಧತಿ ಇದೆ. ಆದರೆ 2002ರ ಇಂಡಿಯಾ ಮೋಟಾರ್ ಟ್ಯಾರಿಫ್ ಪ್ರಕಾರ ವಿಂಟೇಜ್ ಅಂದರೆ 1940 ಡಿಸೆಂಬರ್ 31ಕ್ಕಿಂತ ಮುಂಚೆ ತಯಾರಾದ ಕಾರು. ವಿಂಟೇಜ್ ಅಂಡ್ ಕ್ಲಾಸಿಕ್ ಕಾರ್ ಕ್ಲಬ್ ಆಫ್ ಇಂಡಿಯಾದ ಸರ್ಟಿಫಿಕೇಟೂ ಬೇಕು. ನಮ್ಮ ಫಿಯೆಟ್ ಅಲ್ಲಿ ಲೆಕ್ಕಕ್ಕೇ ಬರುವುದಿಲ್ಲ.

ಇಲ್ಲಿ ಒಂದು ಗೋಜಲು ಇದೆ, ಬಿಡಿಸಿ ಹೇಳುತ್ತೇನೆ. ಹಳೇ ವಾಹನಗಳ ಅಂತರರಾಷ್ಟ್ರೀಯ ಒಕ್ಕೂಟ ಫಿವಾ ಎಂದು ಒಂದಿದೆ, 1966ರಲ್ಲಿ ಹುಟ್ಟಿದ್ದು. ಅವರಿಗೆ 30 ವರ್ಷ ತುಂಬಿ, ಮೂಲ ರೂಪದಲ್ಲಿ ಉಳಿದು, ದಿನದ ಓಡಾಟಕ್ಕೆ ಬಳಸದ ಗಾಡಿ ಚಾರಿತ್ರಿಕ ವಾಹನ. ಕೇಂದ್ರ ಸಾರಿಗೆ ಇಲಾಖೆಗೆ 50 ವರ್ಷ ದಾಟಿದ್ದು ವಿಂಟೇಜ್. ಇನ್ಶೂರೆನ್ಸಿಗೆ 1940ಕ್ಕೆ ಮುಂಚಿನದು. ಒಂದೇ ಕಾರು ಒಂದು ಕಡೆ ವಿಂಟೇಜ್, ಇನ್ನೊಂದು ಕಡೆ ಬರೀ ಹಳೇ ಗಾಡಿ. ಬೆಲೆ ಕಟ್ಟುವವರು "ವಿಂಟೇಜ್" ಎಂದು ಬರೆದರೆ ಯಾರ ಲೆಕ್ಕದಲ್ಲಿ ಎಂದು ಕೇಳಿ.

ಇನ್ನು ಇನ್ಶೂರೆನ್ಸಿನ ಸರ್ವೇಯರ್. ಇವರನ್ನು ಬೆಲೆ ಕಟ್ಟುವವರು ಎಂದು ತುಂಬಾ ಜನ ತಿಳಿದಿದ್ದಾರೆ. ಇವರ ಕೆಲಸ ಅಪಘಾತ ಆದಾಗ ನಷ್ಟ ಎಷ್ಟು ಎಂದು ಅಳೆಯುವುದು. ಕಾರಿನ ಯೋಗ್ಯತೆ ಅಳೆಯುವುದಲ್ಲ.

ಸೀಲು ಇರುವ ಮೌಲ್ಯಮಾಪಕರು

ಪಾಲುಪಟ್ಟಿ, ಕೋರ್ಟು, ಬ್ಯಾಂಕು ಎಂದರೆ ಇವರೇ ಬೇಕು. 2017ರ ನಿಯಮದ ಪ್ರಕಾರ ನೋಂದಾಯಿತ ಮೌಲ್ಯಮಾಪಕರಲ್ಲಿ ಮೂರು ವರ್ಗ. ಜಾಗ ಮತ್ತು ಕಟ್ಟಡ ಒಂದು, ಪ್ಲಾಂಟ್ ಅಂಡ್ ಮಷಿನರಿ ಒಂದು, ಷೇರು ಮುಂತಾದ ಹಣಕಾಸಿನದು ಒಂದು. ಹಳೇ ಕಾರು ಎಂದು ಬೇರೆ ವರ್ಗ ಇಲ್ಲ. ಅದು ಯಂತ್ರಗಳ ಜೊತೆ ಸೇರುತ್ತದೆ. ಅಂದರೆ ಕಾಫಿ ಪಲ್ಪರ್, ಜನರೇಟರ್, ಲೇತ್ ಮಿಷನ್ ನೋಡಿ ಬೆಲೆ ಬರೆಯುವವರೇ ನಿಮ್ಮ ಅಜ್ಜನ ಕಾರನ್ನೂ ನೋಡುತ್ತಾರೆ.

ಅವರಲ್ಲಿ ತಿಳಿದವರು ಇದ್ದಾರೆ. ಆದರೆ ಯಂತ್ರದ ಲೆಕ್ಕವೇ ಬೇರೆ. ವರ್ಷ ಹೋದಂತೆ ಯಂತ್ರದ ಬೆಲೆ ಇಳಿಯುತ್ತದೆ. ಹಳೇ ಕಾರು ಒಂದು ಹಂತದವರೆಗೆ ಇಳಿದು, ಆಮೇಲೆ ನಿಂತು, ಕೆಲವು ಮತ್ತೆ ಏರುತ್ತವೆ. ಯಾವುದು ಏರುತ್ತದೆ, ಯಾವುದು ಇಲ್ಲ ಎಂಬುದಕ್ಕೆ ಸೂತ್ರ ಇಲ್ಲ. ಆಗ ಅವರು ಮಾರುಕಟ್ಟೆಯಲ್ಲಿ ಇಂಥದ್ದೇ ಕಾರು ಎಷ್ಟಕ್ಕೆ ಹೋಯಿತು ಎಂದು ಹುಡುಕಬೇಕು.

ಅಲ್ಲೇ ದೊಡ್ಡ ತೊಂದರೆ. ತೋಟದ ಜಾಗ ಆದರೆ ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ಪತ್ರ ಇರುತ್ತದೆ, ಮಾರ್ಗಸೂಚಿ ಬೆಲೆ ಇರುತ್ತದೆ. ಪಕ್ಕದ ಎಕರೆ ಎಷ್ಟಕ್ಕೆ ಹೋಯಿತು ಎಂದು ಕಾಗದದಲ್ಲೇ ನೋಡಬಹುದು. ಕಾರು ಕೈ ಬದಲಾದಾಗ ಆರ್‌ಟಿಒಗೆ ಫಾರಂ 29, 30 ಕೊಡುತ್ತೇವೆ. ಮಾಲೀಕ ಬದಲಾದ ಎಂಬುದು ದಾಖಲಾಗುತ್ತದೆ. ಯಾವ ಫಿಯೆಟ್ ಎಷ್ಟಕ್ಕೆ ಹೋಯಿತು ಎಂಬ ಪಟ್ಟಿ ನಾವು ಹೋಗಿ ನೋಡುವ ಹಾಗೆ ಎಲ್ಲೂ ಇಲ್ಲ. ನೆಟ್ಟಿನಲ್ಲಿ ಕಾಣುವುದು ಮಾರುವವರು ಕೇಳುವ ಬೆಲೆ. ಕೊಟ್ಟ ಬೆಲೆ ಅಲ್ಲ. ನಮ್ಮ ರಿಪೋರ್ಟಿನಲ್ಲಿ ಹೋಲಿಕೆಗೆ ಎಂದು ಮೂರು ಕಾರು ಹಾಕಿದ್ದರು. ಮೂರೂ ಜಾಹೀರಾತು. ಎರಡು ಪದ್ಮಿನಿ, ಒಂದು ಮಾತ್ರ ನಮ್ಮದರಂತೆ ಡಿಲೈಟ್ ಮಾಡೆಲ್. ಇದೇ ಫಿಯೆಟ್ಟಿಗೆ ಪದ್ಮಿನಿ ಎಂಬ ಹೆಸರು ಬಂದದ್ದೇ 1974ರಲ್ಲಿ. ಎಂಜಿನ್ ಅದೇ 1089 ಸಿಸಿ ಇರಬಹುದು, ಆದರೆ ಹಳೇ ಕಾರು ಸಂಗ್ರಹಿಸುವವರಿಗೆ 1967ರ ಡಿಲೈಟೂ 1990ರ ಪದ್ಮಿನಿಯೂ ಒಂದೇ ಅಲ್ಲವೇ ಅಲ್ಲ.

ಅವರು ನೋಡಿದ ರೀತಿಯನ್ನೂ ಹೇಳಬೇಕು. ಬಂದದ್ದು ಜನವರಿ ಕೊನೆಯಲ್ಲಿ. ಕಣದಲ್ಲಿ ಕಾಫಿ ಒಣಗುತ್ತಿತ್ತು, ಒಳ್ಳೇ ಬಿಸಿಲು. ಕಾರನ್ನು ತೊಳೆದು ಕಣದ ಅಂಚಿಗೆ ತಂದು ನಿಲ್ಲಿಸಿದ್ದೆವು. 40 ನಿಮಿಷ ಇದ್ದರು. ಸುತ್ತ ಫೋಟೋ ತೆಗೆದರು, ಸ್ಟಾರ್ಟ್ ಮಾಡಿಸಿ ಕೇಳಿದರು, ಗೇಟಿನವರೆಗೆ ಓಡಿಸಿ ನೋಡಿದರು. ಕಂಡಿಷನ್ ಉತ್ತಮ ಎಂದು ಬರೆದರು. ಕಾರು ಅಪ್ಪನಿಗೆ, ಚಿಕ್ಕಪ್ಪನಿಗೂ ಅತ್ತೆಗೂ 80 ಸಾವಿರದ ಹಾಗೆ ದುಡ್ಡು ಎಂದು ತೀರ್ಮಾನವಾಯಿತು.

ಜುಲೈನಲ್ಲಿ ಡ್ರೈವರ್ ಸೀಟಿನ ಮುಂದಿನ ಮ್ಯಾಟ್ ಒದ್ದೆಯಾಗಿರುವುದು ಕಂಡಿತು. ಬಾಗಿಲಿನಿಂದ ನೀರು ಬಂದಿರಬೇಕು ಅಂದುಕೊಂಡೆವು. ಮೆಕ್ಯಾನಿಕ್ ಬಂದು ಮ್ಯಾಟ್ ಎತ್ತಿದರು. ಅದರಡಿಯ ಹಳೇ ಸೆಣಬಿನ ಹಾಸು ನೀರು ಕುಡಿದು ಊದಿಕೊಂಡಿತ್ತು, ಹಿಂಡಿದರೆ ಕೆಂಪು ನೀರು. ಅದನ್ನೂ ತೆಗೆದರು. ಕೆಳಗೆ ತಗಡು ಕಪ್ಪು ಪೇಂಟಿನಲ್ಲಿ ನುಣ್ಣಗೆ ಕಾಣುತ್ತಿತ್ತು. ಅವರು ಸ್ಕ್ರೂಡ್ರೈವರ್ ತೆಗೆದುಕೊಂಡು, ಬಾಗಿಲ ಕೆಳಗಿನ ಪಟ್ಟಿ ನೆಲಕ್ಕೆ ಸೇರುವ ಮೂಲೆಯಲ್ಲಿ ಒತ್ತಿದರು. ಹೊಡೆಯಲಿಲ್ಲ, ಬರೀ ಒತ್ತಿದ್ದು. ಹಿಡಿಯವರೆಗೆ ಒಳಗೆ ಹೋಯಿತು. ಹೊರಗೆ ಎಳೆದಾಗ ತುದಿಯಲ್ಲಿ ಪುಟ್ಟಿಯ ಪುಡಿಯೂ ತುಕ್ಕಿನ ಚಕ್ಕೆಯೂ ಅಂಟಿಕೊಂಡು ಬಂತು. ಆ ತೂತಿನಿಂದ ಶೆಡ್ಡಿನ ನೆಲ ಕಾಣುತ್ತಿತ್ತು. "ಇದು ಇವತ್ತಿಂದಲ್ಲ ಅಣ್ಣ, ನಾಲ್ಕೈದು ಮಳೆಗಾಲದ್ದು" ಅಂದರು ಅವರು ಅಪ್ಪನ ಹತ್ತಿರ. ಅಪ್ಪ ಮಾತಾಡಲಿಲ್ಲ.

ನೀರು ಬಂದದ್ದು ಬಾಗಿಲಿನಿಂದಲ್ಲ. ಮುಂದಿನ ಗಾಜಿನ ಕೆಳಗೆ ಗಾಳಿ ಬರುವ ಕಿಂಡಿ ಇದೆಯಲ್ಲ, ಅದರೊಳಗೆ ಸಿಲ್ವರ್ ಓಕ್ ಎಲೆ ತುಂಬಿ ನೀರು ಹೋಗುವ ದಾರಿ ಕಟ್ಟಿಕೊಂಡಿತ್ತು. ನೀರೆಲ್ಲ ಒಳಗೆ ಇಳಿದಿತ್ತು. ತೋಟದಲ್ಲಿ ಕಾರು ಇಟ್ಟವರು ಇವತ್ತೇ ಹೋಗಿ ಅಲ್ಲಿ ಕೈ ಹಾಕಿ ನೋಡಿ.

ಫಿಯೆಟ್, ಅಂಬಾಸಡರ್ ಎರಡಕ್ಕೂ ಜೀಪಿನ ಹಾಗೆ ಬೇರೆ ಚಾಸಿ ಇಲ್ಲ. ಬಾಡಿಯ ತಗಡೇ ಭಾರ ಹೊರುತ್ತದೆ. ನೆಲ, ಬಾಗಿಲ ಕೆಳಗಿನ ಪಟ್ಟಿ ತುಕ್ಕು ಹಿಡಿದರೆ ಅಂದ ಕೆಡುವುದು ಮಾತ್ರವಲ್ಲ, ಕಾರೇ ಬಗ್ಗುತ್ತದೆ. ಎರಡು ಕಡೆಯೂ ಕತ್ತರಿಸಿ, ಹೊಸ ತಗಡು ಹಾಕಿ ವೆಲ್ಡ್ ಮಾಡಿ, ಪೇಂಟ್ ಆಗುವ ಹೊತ್ತಿಗೆ 1 ಲಕ್ಷ 10 ಸಾವಿರ ಆಯಿತು.

ಮತ್ತೆ ರಿಪೋರ್ಟ್ ತೆಗೆದು ಓದಿದೆ. ಕೊನೇ ಪುಟದಲ್ಲಿ ಸಣ್ಣ ಅಕ್ಷರದಲ್ಲಿ ಇತ್ತು. ಯಾವ ಭಾಗವನ್ನೂ ಬಿಚ್ಚಿ ನೋಡಿಲ್ಲ, ಕಣ್ಣಿಗೆ ಕಂಡದ್ದರ ಮೇಲೆ ಬರೆದಿದೆ, ಕಾಣದ ದೋಷಕ್ಕೆ ಹೊಣೆ ಇಲ್ಲ, ಈ ಬೆಲೆ ನೋಡಿದ ದಿನಕ್ಕೆ ಮಾತ್ರ. ಅವರು ಮೋಸ ಮಾಡಿರಲಿಲ್ಲ. ತಮ್ಮ ಕೆಲಸದ ಗಡಿಯನ್ನು ಬರೆದೇ ಕೊಟ್ಟಿದ್ದರು. ನಾವು ಕೊನೇ ಪುಟ ಓದದೆ ಮೊದಲ ಪುಟದ ಅಂಕಿ ನೋಡಿ ಪಾಲು ಮಾಡಿದ್ದೆವು. ಆದರೂ ನನಗೆ ಬೇಸರ ಇದೆ. 40 ನಿಮಿಷದಲ್ಲಿ ಒಂದು ಮ್ಯಾಟ್ ಎತ್ತಿ ನೋಡಬಹುದಿತ್ತು.

ಹಳೇ ಕಾರುಗಳ ತಜ್ಞರು

ಇವರ ಹತ್ತಿರ ಸೀಲು ಇರುವುದಿಲ್ಲ, ಕಣ್ಣು ಇರುತ್ತದೆ. ಬೆಂಗಳೂರು, ಮೈಸೂರಿನ ಕಡೆ ಹಳೇ ಕಾರು ಇಟ್ಟುಕೊಂಡು, ತಾವೇ ರೆಸ್ಟೋರ್ ಮಾಡಿ, ರ್‍ಯಾಲಿಗೆ ಹೋಗುವವರು. ನಮ್ಮ ಕಾರನ್ನು ನೋಡಿದವರು ಬಾಗಿಲ ಹಿಡಿ ಮುಟ್ಟಿಯೇ ಇದು ಮೂಲದ್ದಲ್ಲ, ಆಮೇಲೆ ಹಾಕಿದ್ದು ಅಂದರು. ಸ್ಟೇರಿಂಗ್ ಪಕ್ಕದ ಗೇರ್ ಲಿವರಿನ ಗುಂಡಿ, ಹಿಂದಿನ ಲೈಟಿನ ಗಾಜು ಮೂಲದ್ದು ಎಂದು ಹೇಳಿ ಖುಷಿಪಟ್ಟರು. ಆರ್‌ಸಿ ಪುಸ್ತಕ ಕೇಳಿದರು. ಅದರಲ್ಲಿ ಬಣ್ಣ ಬೂದು ಎಂದಿತ್ತು, ಕಾರು ಕೆನೆ ಬಣ್ಣ. ಅಜ್ಜ ಯಾವಾಗಲೋ ಬದಲಿಸಿದ್ದರು. ಸೀಲಿನ ರಿಪೋರ್ಟಿನಲ್ಲಿ ಇದರ ಸುದ್ದಿಯೇ ಇರಲಿಲ್ಲ.

ಯಾವ ಪಾರ್ಟ್ ಮೂಲದ್ದು, ಯಾವುದು ಸಿಗುತ್ತದೆ, ಯಾವುದು ಎಷ್ಟು ದುಡ್ಡು ಕೊಟ್ಟರೂ ಸಿಗುವುದಿಲ್ಲ ಎಂದು ಹೇಳಬಲ್ಲವರು ಇವರು ಮಾತ್ರ. ಮಾರುವ ಮನಸ್ಸಿದ್ದರೆ ಇವರಿಗೆ ತೋರಿಸದೆ ಮಾರಬೇಡಿ.

ಆದರೆ ಇವರ ಮಾತಿಗೂ ಗಡಿ ಇದೆ. ಮೊದಲನೆಯದು, ಒಬ್ಬೊಬ್ಬರದ್ದು ಒಂದೊಂದು ಒಲವು. ಫಿಯೆಟ್ ಪ್ರಿಯರಿಗೆ ಫಿಯೆಟ್ ಚಿನ್ನ. ಎರಡನೆಯದು, ಬೆಲೆ ಹೇಳುವವರೇ ಕೊಳ್ಳುವವರೂ ಆಗಿರಬಹುದು, ಇಲ್ಲವೇ ಕೊಳ್ಳುವ ಗೆಳೆಯರು ಇರಬಹುದು. ನೇರವಾಗಿ ಕೇಳಿ, ತಪ್ಪೇನಿಲ್ಲ. "ನಿಮಗೆ ಬೇಕಾ ಸಾರ್, ಇಲ್ಲಾ ನಮಗೋಸ್ಕರ ನೋಡುತ್ತಿದ್ದೀರಾ?" ಕೊಳ್ಳುವ ಆಸೆ ಇದ್ದವರ ಬೆಲೆಯನ್ನು ವ್ಯಾಪಾರದ ಮಾತು ಎಂದೇ ತೆಗೆದುಕೊಳ್ಳಿ. ಕಾರಿನ ಬೆಲೆಯಲ್ಲಿ ಇಷ್ಟು ಪರ್ಸೆಂಟ್ ಫೀಸು ಎಂದರೆ ಬೇಡವೇ ಬೇಡ. ಬೆಲೆ ಜಾಸ್ತಿ ಬರೆದಷ್ಟೂ ಅವರಿಗೆ ಜಾಸ್ತಿ ಸಿಗುತ್ತದೆ.

ಮೂರನೆಯದು ಗ್ರೇಡು. ಅಮೆರಿಕದ ಹ್ಯಾಗರ್ಟಿ ಎಂಬ ಕಂಪನಿಯ ಬೆಲೆಪಟ್ಟಿಯಲ್ಲಿ ಕಾರಿಗೆ 1ರಿಂದ 4ರವರೆಗೆ ನಂಬರ್ ಕೊಡುತ್ತಾರೆ. 1 ಅಂದರೆ ಪ್ರದರ್ಶನದಲ್ಲಿ ಗೆಲ್ಲುವಂಥದ್ದು, 4 ಅಂದರೆ ಓಡುತ್ತದೆ ಆದರೆ ಕುಂದು ಎದ್ದು ಕಾಣುತ್ತದೆ. ಇಲ್ಲಿನ ತಜ್ಞರೂ ಆ ಮಾತು ಬಳಸುತ್ತಾರೆ, "ಇದು ನಂಬರ್ 3 ಕಾರು" ಎಂದು. ಅಲ್ಲಿ ಆ ನಂಬರಿಗೆ ಅರ್ಥ ಬರುವುದು ಹರಾಜಿನಲ್ಲಿ ಹೋದ ಬೆಲೆಗಳು ಎಲ್ಲರಿಗೂ ಕಾಣುವಂತೆ ಇರುವುದರಿಂದ. ಇಲ್ಲಿ ಅಂಥ ಬೆಲೆಗಳು ಕಾಣಲು ಸಿಗುವುದೇ ಅಪರೂಪ. ನಂಬರ್ ಮಾತ್ರ ಬಂದಿದೆ. ಮತ್ತೆ 2ಕ್ಕೂ 3ಕ್ಕೂ ನಡುವಿನ ಗೆರೆ ನೋಡುವವರ ಕಣ್ಣಿನಲ್ಲಿದೆ. ಆ ಒಂದು ಮೆಟ್ಟಿಲು ತಪ್ಪಿದರೆ ಬೆಲೆ ಎಷ್ಟೋ ದೂರ ಹೋಗುತ್ತದೆ.

"ಸರಿಯಾದ ಗಿರಾಕಿ ಸಿಕ್ಕರೆ" ಎಂಬ ಮಾತನ್ನೂ ಗಮನಿಸಿ. ಆ ಗಿರಾಕಿ ಯಾವಾಗ ಸಿಗುತ್ತಾನೆ ಎಂದು ಯಾರೂ ಹೇಳುವುದಿಲ್ಲ. ನಾಳೆ ಸಿಗಬಹುದು, ಮೂರು ವರ್ಷ ಆಗಬಹುದು. ಅಲ್ಲಿಯವರೆಗೆ ಶೆಡ್ಡು, ಇನ್ಶೂರೆನ್ಸು, ಬ್ಯಾಟರಿ, ಇಲಿ ಕಡಿದ ವೈರಿನ ಖರ್ಚು ನಮ್ಮದೇ.

ಜೀಪಿನವರಿಗೆ ಒಂದು ಮಾತು

ಕೊಡಗಿನಲ್ಲಿ ಕಾರಿಗಿಂತ ಜೀಪಿಗೇ ಗಿರಾಕಿ ಜಾಸ್ತಿ. ಮಹೀಂದ್ರಾದವರು ವಿಲ್ಲೀಸ್ ಹೆಸರಿನಲ್ಲಿ ಮಾಡುತ್ತಿದ್ದ ಎತ್ತರದ ಬಾನೆಟ್ಟಿನ ಸಿಜೆ-3ಬಿ ಇನ್ನೂ ತೋಟಗಳಲ್ಲಿ ಓಡುತ್ತಿದೆ. ಆದರೆ ಅದೇ ಜೀಪಿಗೆ ಬೆಲೆ ಕಟ್ಟುವುದು ಎಲ್ಲಕ್ಕಿಂತ ಕಷ್ಟ. ಮೂಲ ಪೆಟ್ರೋಲ್ ಎಂಜಿನ್ ತೆಗೆದು ಡೀಸೆಲ್ ಹಾಕಿರುತ್ತಾರೆ. ಬಾಡಿ ತುಕ್ಕು ಹಿಡಿದಿತ್ತು ಎಂದು ಹೊಸ ಬಾಡಿ ಕೂರಿಸಿರುತ್ತಾರೆ. ಹರಿಯಾಣದ ಮಂಡಿ ಡಬ್ವಾಲಿಯಂಥ ಕಡೆ ಪೂರ್ತಿ ಜೀಪನ್ನೇ ಹೊಸದಾಗಿ ಕಟ್ಟಿಕೊಡುತ್ತಾರೆ. ಆಮೇಲೆ ಉಳಿಯುವುದು ಹಳೇ ನಂಬರ್ ಮತ್ತು ಆರ್‌ಸಿ ಪುಸ್ತಕ.

ಎಂಜಿನ್ ಬದಲಿಸಿದ್ದರೆ ಆರ್‌ಸಿಯಲ್ಲಿ ಅದು ಸೇರಿರಬೇಕು. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಇದಕ್ಕೇ ಇರುವುದು. ಸೇರದಿದ್ದರೆ ತಜ್ಞರು ಎಷ್ಟೇ ಲಕ್ಷ ಬರೆದುಕೊಟ್ಟರೂ ಅದನ್ನು ನಿಮ್ಮ ಹೆಸರಿನಿಂದ ಇನ್ನೊಬ್ಬರ ಹೆಸರಿಗೆ ಮಾಡಿಸುವಾಗ ಒದ್ದಾಡುತ್ತೀರಿ. ಬೆಲೆ ಕಟ್ಟಿಸುವ ಮುಂಚೆ ಚಾಸಿ ನಂಬರಿನ ಮೇಲೆ ತೆಳು ಕಾಗದ ಇಟ್ಟು ಪೆನ್ಸಿಲ್ ಉಜ್ಜಿ ನೋಡಿ. ಆರ್‌ಟಿಒದಲ್ಲೂ ಹೀಗೇ ಪ್ರಿಂಟ್ ತೆಗೆಯುತ್ತಾರೆ. ನಮ್ಮ ಮಳೆಗೆ ಆ ಅಂಕಿಗಳು ಸವೆದು ಹೋಗಿರುತ್ತವೆ. ಎಲ್ಲ ಅಂಕಿಯೂ ಮೂಡಿ, ಆರ್‌ಸಿಗೆ ಹೊಂದಿಕೊಂಡರೆ ಅರ್ಧ ಚಿಂತೆ ಕಳೆಯಿತು.

ಮಿಲಿಟರಿ ಜೀಪು ಎನ್ನುವುದು ಇಲ್ಲಿ ಇನ್ನೊಂದು. ಫೀಲ್ಡ್ ಮಾರ್ಷಲ್ ಕಾರ್ಯಪ್ಪ, ಜನರಲ್ ತಿಮ್ಮಯ್ಯ ಹುಟ್ಟಿದ ನಾಡು ನಮ್ಮದು. ಹಾಗಾಗಿ ದೊಡ್ಡವರು ಕೂತು ಹೋದ ಗಾಡಿ ಎಂದು ಹೇಳುವ ಮನೆಗಳು ಸಿಗುತ್ತವೆ. ನಿಜವೇ ಇರಬಹುದು. ಆದರೆ ಹೊರಗಿನವರಿಗೆ ಮಾತು ಸಾಲದು. ನಂಬರ್ ಕಾಣುವ ಫೋಟೋ, ಸೈನ್ಯದವರು ಹಳೇ ಗಾಡಿ ಮಾರುವ ಡಿಸ್ಪೋಸಲ್‌ನಲ್ಲಿ ಕೊಂಡ ರಸೀದಿ, ಪತ್ರ ಏನಾದರೂ ಇದ್ದರೆ ಜೋಪಾನವಾಗಿ ಇಡಿ. ಬೆಲೆ ಕಟ್ಟುವವರು ಕಥೆಯನ್ನು ರಿಪೋರ್ಟಿನಲ್ಲಿ "ಮಾಲೀಕರು ತಿಳಿಸಿದಂತೆ" ಎಂದು ಬರೆಯುತ್ತಾರೆ. ಆ ಎರಡು ಪದ ಇದ್ದರೆ ಅವರು ಪರಿಶೀಲಿಸಿಲ್ಲ ಎಂದೇ ಅರ್ಥ.

ನಮ್ಮೂರ ಮೆಕ್ಯಾನಿಕ್

ಇವರು ಬೆಲೆ ಹೇಳುವುದಿಲ್ಲ. ಹೇಳಿದರೂ ಕಾಗದಕ್ಕೆ ಬರುವುದಿಲ್ಲ. ಆದರೆ ಗುಂಡಿಗೆ ಇಳಿದು ಟಾರ್ಚ್ ಹಿಡಿದು ನೋಡುವವರು ಇವರೇ. ಮೊದಲು ಇವರಿಗೆ ತೋರಿಸಿ, ಆಮೇಲೆ ಬೇರೆಯವರನ್ನು ಕರೆಸಿ ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಒಂದು ದಿನದ ಕೂಲಿ ಕೊಟ್ಟು, ಮ್ಯಾಟ್ ಎಲ್ಲ ತೆಗೆಸಿ, ಕಾರು ಎತ್ತಿಸಿ, ಸ್ಕ್ರೂಡ್ರೈವರಿನಲ್ಲಿ ಒತ್ತಿಸಿ ನೋಡಿ. ಒಂದು ಅಯಸ್ಕಾಂತಕ್ಕೆ ಬಟ್ಟೆ ಸುತ್ತಿ ಬಾಡಿಯ ಕೆಳಭಾಗಕ್ಕೆಲ್ಲ ಹಿಡಿಯಿರಿ. ಹಿಡಿಯದ ಕಡೆ ಪುಟ್ಟಿ ದಪ್ಪಗೆ ತುಂಬಿದೆ ಎಂದರ್ಥ. ಸಿಕ್ಕಿದ್ದನ್ನು ಬರೆದಿಟ್ಟು, ಫೋಟೋ ತೆಗೆದು, ಬೆಲೆ ಕಟ್ಟುವವರ ಕೈಗೆ ಕೊಡಿ. ಆಗ ಅವರು ಕಾಣದ್ದಕ್ಕೆ ಹೊಣೆ ಇಲ್ಲ ಎನ್ನುವ ಹಾಗಿಲ್ಲ, ಯಾಕೆಂದರೆ ಕಂಡದ್ದೇ ಕೈಯಲ್ಲಿದೆ.

ಹಳೇ ಕಾರಿನ ಅನುಭವ ಇರುವ ಮೆಕ್ಯಾನಿಕ್ ಈಗ ಕಮ್ಮಿ ಆಗುತ್ತಿದ್ದಾರೆ. ಮಡಿಕೇರಿ, ಗೋಣಿಕೊಪ್ಪ, ಕುಶಾಲನಗರದಲ್ಲಿ ವಯಸ್ಸಾದವರು ಒಬ್ಬಿಬ್ಬರು ಇನ್ನೂ ಕೆಲಸ ಮಾಡುತ್ತಿದ್ದಾರೆ. ಅವರಿರುವಾಗಲೇ ತೋರಿಸಿಕೊಳ್ಳಿ.

ಫೋಟೋ ಕಳಿಸಿದರೆ ಬೆಲೆ ಹೇಳುತ್ತೇವೆ ಎನ್ನುವವರ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಸುಮಾರು ಎಷ್ಟಿರಬಹುದು ಎಂಬ ಕುತೂಹಲಕ್ಕೆ ಸರಿ. ಫೋಟೋದಲ್ಲಿ ತುಕ್ಕು ಕಾಣುವುದಿಲ್ಲ, ಮುಗ್ಗಲು ವಾಸನೆಯೂ ಬರುವುದಿಲ್ಲ.

ಆರ್‌ಟಿಒ ಲೆಕ್ಕ

ಬ್ರೇಕ್ ಇನ್ಸ್‌ಪೆಕ್ಟರ್ ನೋಡಿ ಪಾಸ್ ಮಾಡಿದರು, ಹಾಗಾಗಿ ಗಾಡಿ ಚೆನ್ನಾಗಿದೆ ಎನ್ನುವವರಿದ್ದಾರೆ. ಸ್ವಂತದ ಕಾರಿಗೆ 15 ವರ್ಷ ಆದ ಮೇಲೆ ಐದೈದು ವರ್ಷಕ್ಕೆ ನೋಂದಣಿ ಮುಂದುವರಿಸಬೇಕು ಅಲ್ವಾ, ಆಗ ನೋಡುವುದು ರಸ್ತೆಗೆ ಯೋಗ್ಯವೇ ಎಂದು ಮಾತ್ರ.

2021ರ ಜುಲೈನಲ್ಲಿ ಬಂದ ವಿಂಟೇಜ್ ನಿಯಮ ಬೇರೆ. ಮೊದಲ ನೋಂದಣಿಯಾಗಿ 50 ವರ್ಷ ದಾಟಿರಬೇಕು. ಚಾಸಿ, ಬಾಡಿ, ಎಂಜಿನ್ ಗಣನೀಯವಾಗಿ ಬದಲಾಗಿರಬಾರದು. ಹೊಸ ನೋಂದಣಿಗೆ 20 ಸಾವಿರ ರೂಪಾಯಿ, 10 ವರ್ಷ ಊರ್ಜಿತ, ಮತ್ತೆ ಮಾಡಿಸಲು 5 ಸಾವಿರ. ಹೊಸ ನಂಬರಿಗೆ ವಿಎ ಸೀರೀಸ್ ಕೊಡುತ್ತಾರೆ. ಈಗಾಗಲೇ ನೋಂದಣಿ ಇರುವ ಗಾಡಿ ಹಳೇ ನಂಬರನ್ನೇ ಉಳಿಸಿಕೊಳ್ಳಬಹುದು. ನಮ್ಮದು ಮೈಸೂರು ರಾಜ್ಯದ ಕಾಲದ ಎಂವೈ ನಂಬರ್. ಅದು ಉಳಿಯುತ್ತದೆ ಎಂದು ಕೇಳಿ ಅಪ್ಪನಿಗೆ ಸಮಾಧಾನ ಆಯಿತು. ಬೆಲೆ ಕಟ್ಟುವವರು "ವಿಂಟೇಜ್ ನೋಂದಣಿಗೆ ಅರ್ಹ" ಎಂದು ಬರೆದರೆ ಅದು ಅವರ ಅಭಿಪ್ರಾಯ ಮಾತ್ರ. ತೀರ್ಮಾನ ಇಲಾಖೆಯ ಸಮಿತಿಯದು. ಇನ್ನೊಂದು, ಈ ನೋಂದಣಿ ಆದ ಗಾಡಿಯನ್ನು ದಿನದ ಓಡಾಟಕ್ಕೆ, ಬಾಡಿಗೆಗೆ ಬಳಸುವಂತಿಲ್ಲ. ಪ್ರದರ್ಶನ, ರ್‍ಯಾಲಿ, ಪೆಟ್ರೋಲ್, ರಿಪೇರಿಗೆ ಹೋಗಿ ಬರಬಹುದು. ತೋಟಕ್ಕೆ ಗೊಬ್ಬರ ಹೊರುವ ಜೀಪಿಗೆ ಇದು ಬೇಡ.

ಹಾಗಾದರೆ ಯಾರನ್ನು ಕರೆಸಬೇಕು?

ಮಾರುವವರಾದರೆ ಮೆಕ್ಯಾನಿಕ್ ಮತ್ತು ತಜ್ಞರು ಸಾಕು. ಸೀಲಿನ ರಿಪೋರ್ಟಿಗೆ ದುಡ್ಡು ಹಾಕಬೇಡಿ, ಅದರಿಂದ ಒಂದು ರೂಪಾಯಿ ಜಾಸ್ತಿ ಬರುವುದಿಲ್ಲ. ಇಬ್ಬರು ತಜ್ಞರನ್ನು ಬೇರೆ ಬೇರೆ ದಿನ ಕರೆಸಿ, ಒಬ್ಬರ ಬೆಲೆ ಇನ್ನೊಬ್ಬರಿಗೆ ಹೇಳಬೇಡಿ.

ಪಾಲು ಮಾಡುವವರಾದರೆ ಸೀಲು ಬೇಕೇ ಬೇಕು, ನಾಳೆ ಮಕ್ಕಳ ಕಾಲಕ್ಕೆ ತಕರಾರು ಬರಬಾರದು. ಆದರೆ ಮೆಕ್ಯಾನಿಕ್ ಪಟ್ಟಿ ಮತ್ತು ತಜ್ಞರ ಮಾತು ಎರಡನ್ನೂ ಮುಂಚೆಯೇ ಕೈಗೆ ಕೊಟ್ಟು ಬರೆಸಿ. ಪಾಲುದಾರರು ಎಲ್ಲರೂ ಎದುರಿಗೆ ಇರಲಿ. ಮತ್ತೆ ಒಂದೇ ಅಂಕಿಗಿಂತ ಇಷ್ಟರಿಂದ ಇಷ್ಟು ಎಂದು ಬರೆಸುವುದು ಒಳ್ಳೆಯದು. ಹಳೇ ಕಾರಿಗೆ 2 ಲಕ್ಷ 40 ಸಾವಿರ ಎಂದು ಖಚಿತವಾಗಿ ಹೇಳುವಷ್ಟು ಆಧಾರ ಯಾರ ಹತ್ತಿರವೂ ಇಲ್ಲ.

ಇನ್ಶೂರೆನ್ಸಿಗಾದರೆ ತಜ್ಞರಿಂದ ಫೋಟೋ ಸಮೇತ ಬರೆಸಿಕೊಂಡು, ರಿಪೇರಿಯ ಬಿಲ್ಲುಗಳನ್ನು ಜೋಡಿಸಿ, ನವೀಕರಣಕ್ಕೆ ಒಂದು ತಿಂಗಳು ಮೊದಲೇ ಕಂಪನಿಗೆ ಕೊಟ್ಟು ಐಡಿವಿ ಏರಿಸಲು ಕೇಳಿ. ಒಂದು ಕಡೆ ಆಗದಿದ್ದರೆ ಇನ್ನೊಂದು ಕಡೆ ಕೇಳಿ. ಪ್ರೀಮಿಯಂ ಸ್ವಲ್ಪ ಏರುತ್ತದೆ, ಏರಲಿ.

ಯಾರೇ ಬಂದರೂ ಮಳೆಗಾಲದಲ್ಲಿ ಒಮ್ಮೆ ನೋಡಲಿ. ಜನವರಿಯಲ್ಲಿ ಕೊಡಗಿನ ಎಲ್ಲ ಕಾರೂ ಚೆನ್ನಾಗಿಯೇ ಇರುತ್ತವೆ. ಜುಲೈನಲ್ಲಿ ನೀರು ಎಲ್ಲಿಂದ ಬರುತ್ತದೆ, ಎಲ್ಲಿ ನಿಲ್ಲುತ್ತದೆ ಎಂದು ಕಾರೇ ತೋರಿಸುತ್ತದೆ. ಬರುವುದಕ್ಕೆ ಒಪ್ಪದಿದ್ದರೆ ಮಳೆಯಲ್ಲಿ ನೀವೇ ವಿಡಿಯೋ ಮಾಡಿ ಇಟ್ಟುಕೊಂಡಿರಿ.

ನಮ್ಮ ಮನೆಯಲ್ಲಿ ರಿಪೇರಿಯ ಬಿಲ್ಲು ಬಂದ ದಿನ ಅಪ್ಪ ಅದನ್ನು ಯಾರಿಗೂ ತೋರಿಸದೆ ಕಪಾಟಿನಲ್ಲಿ ಇಟ್ಟಿದ್ದರು. ಕೊಟ್ಟ ದುಡ್ಡು ತಮ್ಮನಿಂದಲೂ ತಂಗಿಯಿಂದಲೂ ವಾಪಸ್ ಕೇಳುವುದು ಅವರಿಗೆ ಇಷ್ಟವಿರಲಿಲ್ಲ. ಚಿಕ್ಕಪ್ಪ ಹುತ್ತರಿಗೆ ಬಂದಾಗ ಶೆಡ್ಡಿಗೆ ಹೋಗಿ, ಹೊಸ ತಗಡು ಕೂರಿಸಿದ ಜಾಗವನ್ನು ಬಗ್ಗಿ ನೋಡಿದರು. ಹೊರಗೆ ಬಂದು ನನ್ನನ್ನು ಕರೆದು, "ಬಿಲ್ಲು ಎಲ್ಲಿದೆ ಮಗ, ತಕ್ಕೊಂಡು ಬಾ. ಲೆಕ್ಕ ಇನ್ನೊಂದು ಸಲ ಮಾಡುವ" ಅಂದರು. ಅತ್ತೆಗೂ ಫೋನ್ ಮಾಡಿದರು. 1 ಲಕ್ಷ 10 ಸಾವಿರವನ್ನು ಮೂರು ಪಾಲು ಮಾಡಿಕೊಂಡೆವು. ಈ ಸಲದ ಇನ್ಶೂರೆನ್ಸ್ ಅರ್ಜಿಗೆ ಆ ಬಿಲ್ಲನ್ನೂ, ಮೆಕ್ಯಾನಿಕ್ ತೆಗೆದ ತೂತಿನ ಫೋಟೋವನ್ನೂ ಲಗತ್ತಿಸಿದ್ದೇನೆ.